ದಪ್ಪಕ್ಷರಕ್ಕೆ ಹೆದರಬೇಡಿ: ರಕ್ತದ ರಿಪೋರ್ಟ್ ಓದಲು ಒಂಬತ್ತು ಸೂತ್ರಗಳು

ಕಾಸರಗೋಡಿನಲ್ಲಿ ಸಂಜೆಯ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿದರೆ, ಪ್ಲಾಸ್ಟಿಕ್ ಫೈಲನ್ನು ಮಡಿಲಲ್ಲಿಟ್ಟುಕೊಂಡವರು ಬೋಗಿಗೆ ಒಬ್ಬರಾದರೂ ಸಿಗುತ್ತಾರೆ. ಕೆಲವರ ದಾರಿ ಕೊಚ್ಚಿಯ ಇಡಪ್ಪಳ್ಳಿಯ ಅಮೃತಾ ಆಸ್ಪತ್ರೆಗೆ. ಉಳಿದವರದು ತಿರುವನಂತಪುರದ ಮೆಡಿಕಲ್ ಕಾಲೇಜಿಗೆ, ಇಲ್ಲವೇ ಅದೇ ಆವರಣದ ಶ್ರೀ ಚಿತ್ರಾ ಸಂಸ್ಥೆಗೆ. ಚಿಕ್ಕಮ್ಮನ ಫೈಲು ಹಿಡಿದು ನಾನೂ ನಾಲ್ಕು ಸಲ ಹೋಗಿಬಂದೆ. ಗಂಟು ಗಂಟೂ ಊದಿಕೊಂಡಿದ್ದ ಅವರ ರಿಪೋರ್ಟಿನಲ್ಲಿ ‘ಎಎನ್ಎ ಪಾಸಿಟಿವ್’ ಎಂದು ದಪ್ಪಕ್ಷರದಲ್ಲಿತ್ತು. ಮೊಬೈಲ್ ನೋಡಿದ ನೆಂಟರೊಬ್ಬರು ಲೂಪಸ್ ಎಂದು ತೀರ್ಪು ಕೊಟ್ಟೂ ಆಗಿತ್ತು. ಆ ಓಡಾಟದಲ್ಲಿ ಕಲಿತದ್ದು ಇಷ್ಟು.

1. ಮೊದಲು ಮೈ, ಆಮೇಲೆ ಕಾಗದ.
ಲೂಪಸ್, ಆಮವಾತ (ರುಮಟಾಯ್ಡ್ ಆರ್ಥ್ರೈಟಿಸ್) ಇವೆಲ್ಲ ಮೈಯ ಕಾವಲುಪಡೆ ಮೈಯನ್ನೇ ವೈರಿಯೆಂದು ಬಗೆಯುವ ಕಾಯಿಲೆಗಳು. ಯಾವುದೂ ಒಂದೇ ರಕ್ತಪರೀಕ್ಷೆಯಲ್ಲಿ ತೀರ್ಮಾನವಾಗುವಂಥದ್ದಲ್ಲ. ಯಾವ ಗಂಟು ಊದಿತು, ಬಾಯಲ್ಲಿ ಹುಣ್ಣಿದೆಯೇ, ಬಿಸಿಲಿಗೆ ಮುಖ ಕೆಂಪಾಗುತ್ತದೆಯೇ, ಬೆಳಗ್ಗೆ ಬೆರಳು ಮಡಚಲು ಎಷ್ಟು ಹೊತ್ತು ಬೇಕು, ಇವನ್ನೆಲ್ಲ ಬರೆದುಕೊಂಡು ಹೋಗಿ. “ಹಿಡಿಸೂಡಿ ಹಿಡಿಯಬೇಕಾದರೆ ಎಂಟು ಗಂಟೆ ಆಗಬೇಕು” ಎಂದರು ಚಿಕ್ಕಮ್ಮ. ಡಾಕ್ಟರು ಫೈಲು ಬಿಚ್ಚುವ ಮೊದಲೇ ಆ ಮಾತನ್ನು ಬರೆದುಕೊಂಡರು.

2. ಎಎನ್ಎ ಪಾಸಿಟಿವ್ ಎಂದರೆ ಲೂಪಸ್ ಎಂದಲ್ಲ.
ಎಎನ್ಎ ಎಂದರೆ ಕೋಶದ ನ್ಯೂಕ್ಲಿಯಸ್ಸಿನ ಮೇಲೇ ಎರಗುವ ಪ್ರತಿಕಾಯ. ಅದರ ಪಕ್ಕದಲ್ಲಿ 1:80, 1:320 ಎಂದೆಲ್ಲ ಬರೆದಿರುವುದು ರಕ್ತದ ಸೀರಂಗೆ ಎಷ್ಟು ಪಟ್ಟು ನೀರು ಬೆರೆಸಿದರು ಎಂಬ ಲೆಕ್ಕ. ಮಜ್ಜಿಗೆಗೆ ನೀರು ಹೊಯ್ಯುತ್ತಾ ಹೋದಂತೆ. ಎಂಬತ್ತು ಪಟ್ಟಿಗೇ ಹುಳಿ ಕಾಣೆಯಾಗುವ ಮಜ್ಜಿಗೆ ಒಂದು, ಮುನ್ನೂರಿಪ್ಪತ್ತು ಪಟ್ಟಾದರೂ ಹುಳಿ ಬಿಡದ ಮಜ್ಜಿಗೆ ಇನ್ನೊಂದು. ಹಾಗಾಗಿ 1:320 ಹೆಚ್ಚು ಹುಳಿ, 1:80 ಸಪ್ಪೆ. 1997ರಲ್ಲಿ ಹಲವು ದೇಶಗಳ 15 ಪ್ರಯೋಗಾಲಯಗಳು ಆರೋಗ್ಯವಂತರ ರಕ್ತವನ್ನೇ ಪರೀಕ್ಷಿಸಿದಾಗ 1:80ರಲ್ಲಿ ಶೇ. 13ರಷ್ಟು, 1:320ರಲ್ಲಿ ಶೇ. 3ರಷ್ಟು ಮಂದಿ ಪಾಸಿಟಿವ್ ಬಂದರು. ಕೊಚ್ಚಿ ನಗರದ ಜನಸಂಖ್ಯೆ 2011ರ ಗಣತಿಯಂತೆ ಸುಮಾರು 6 ಲಕ್ಷ. ಅಷ್ಟೂ ಜನರ ತೋಳಿಗೆ ಸೂಜಿ ಚುಚ್ಚಿದರೆ 75,000ಕ್ಕೂ ಹೆಚ್ಚು ಮಂದಿಗೆ ಚಿಕ್ಕಮ್ಮನಂಥದೇ ರಿಪೋರ್ಟ್ ಸಿಕ್ಕೀತು. ಲೂಪಸ್ ಇರುವವರು ಅದರೊಳಗೆ ಕೆಲವು ನೂರು ಮಂದಿ ಇದ್ದರೆ ಹೆಚ್ಚು.
ಅಂದಹಾಗೆ, ಈ ಪರೀಕ್ಷೆಗೆ ಬಳಸುವ ಹೆಪ್-2 ಕೋಶಗಳು ಮೂಲದಲ್ಲಿ 1951ರಲ್ಲಿ ಬಾಲ್ಟಿಮೋರ್‌ನಲ್ಲಿ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಎಂಬಾಕೆಯವು. ಎರ್ನಾಕುಲಂನ ಲ್ಯಾಬಿನಲ್ಲಿ ಚಿಕ್ಕಮ್ಮನ ರಕ್ತಕ್ಕೆ ಸಾಕ್ಷಿ ಹೇಳಿದ್ದು ಯಾವುದೋ ಕಾಲದ, ಯಾವುದೋ ದೇಶದ ಹೆಂಗಸಿನ ಜೀವಕೋಶ! ನನಗಂತೂ ಇದು ಇಡೀ ರಿಪೋರ್ಟಿಗಿಂತ ದೊಡ್ಡ ಸೋಜಿಗ.

3. ಆರ್‌ಎಫ್ ಹೇಳಿದ್ದನ್ನು ಆ್ಯಂಟಿ-ಸಿಸಿಪಿಯನ್ನೂ ಕೇಳಿ ಖಚಿತ ಮಾಡಿಕೊಳ್ಳಿ.
ಆರ್‌ಎಫ್, ಅಂದರೆ ರುಮಟಾಯ್ಡ್ ಫ್ಯಾಕ್ಟರ್, ಬಾಯಿಬಡುಕ. ಕ್ಷಯ, ಕುಷ್ಠ, ಹೆಪಟೈಟಿಸ್-ಸಿ, ಬರೀ ಮುಪ್ಪು, ಎಲ್ಲದಕ್ಕೂ ತಲೆ ಎತ್ತುತ್ತದೆ. 2006-07ರಲ್ಲಿ ಚಿಕೂನ್‌ಗುನ್ಯಾ ಕೇರಳವನ್ನು ಹಾಸಿಗೆ ಹಿಡಿಸಿತಲ್ಲ, ಜ್ವರ ಬಿಟ್ಟರೂ ಗಂಟುನೋವು ತಿಂಗಳುಗಟ್ಟಲೆ ಬಿಡದೆ ಆಮವಾತದ ವೇಷ ಹಾಕಿತ್ತು. ಹಾಗಾಗಿ ಹಿಂದೆ ಬಂದ ಜ್ವರದ ಕತೆಯನ್ನು ತಪ್ಪದೆ ಹೇಳಿ. ಆ್ಯಂಟಿ-ಸಿಸಿಪಿ ಎಂಬ ಪ್ರತಿಕಾಯ ಹೆಚ್ಚಾಗಿ ಆಮವಾತದಲ್ಲೇ ಕಾಣುವಂಥದ್ದು, ಹಾಗೆ ಸುಮ್ಮಸುಮ್ಮನೆ ಬಾಯಿ ಬಿಡುವುದಿಲ್ಲ. ಚಿಕ್ಕಮ್ಮನದು ಮಿತಿಯ ನಾಲ್ಕು ಪಟ್ಟು ಇತ್ತು. ಕಾಯಿಲೆ ಲೂಪಸ್ ಅಲ್ಲ, ಆಮವಾತ.

4. ಅಂಕಿಯ ಪಕ್ಕದ ಪುಟ್ಟ ಅಕ್ಷರ ನೋಡಿ.
ಮೈಯೊಳಗಿನ ಉರಿಯೂತವನ್ನು ತೋರಿಸುವ ಸಿಆರ್‌ಪಿಯನ್ನು ಒಂದು ಲ್ಯಾಬ್ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದರೆ, ಇನ್ನೊಂದು ಡೆಸಿಲೀಟರಿಗೆ ಎನ್ನುತ್ತದೆ. 24 ಇದ್ದದ್ದು 2.4 ಆಯಿತೆಂದು ಪಾಯಸ ಮಾಡಬೇಡಿ, ಎರಡೂ ಒಂದೇ.

5. ಇಎಸ್‌ಆರ್‌ಗೆ ವಯಸ್ಸು ಸೇರಿಸಿ ಓದಿ.
ಇದೂ ಉರಿಯೂತದ ಅಳತೆಯೇ. ಮೇಲಿನ ಮಿತಿಗೆ ಒಂದು ಅಂದಾಜು: ಗಂಡಸರಿಗೆ ವಯಸ್ಸಿನ ಅರ್ಧ, ಹೆಂಗಸರಿಗೆ ವಯಸ್ಸಿಗೆ ಹತ್ತು ಕೂಡಿಸಿ ಅದರ ಅರ್ಧ. ಅರವತ್ತರ ಹೆಂಗಸಿಗೆ 35 ಆತಂಕದ ಸಂಖ್ಯೆಯಲ್ಲ. ರಕ್ತಹೀನತೆ, ಬಸಿರು ಕೂಡ ಇದನ್ನು ಏರಿಸುತ್ತವೆ. ಲೂಪಸ್ ಇರುವವರಲ್ಲಿ ಇಎಸ್‌ಆರ್ ಏರಿದರೂ ಸಿಆರ್‌ಪಿ ಹಲವು ಸಲ ತೆಪ್ಪಗಿರುತ್ತದೆ. ಅಂಥವರಿಗೆ ಮಳೆಗಾಲದಲ್ಲಿ ಜ್ವರ ಬಂದು ಸಿಆರ್‌ಪಿ ಜಿಗಿದರೆ ಸೋಂಕನ್ನು ಹುಡುಕಬೇಕು. ಕೇರಳದಲ್ಲಿ ಇಲಿಜ್ವರಕ್ಕೇನು ಬರವೇ?

6. ಮೂತ್ರ ಪರೀಕ್ಷೆ ಬಿಡಬೇಡಿ.
ಲೂಪಸ್ ಮೂತ್ರಪಿಂಡಕ್ಕೆ ಕೈಹಾಕುವಾಗ ನೋವು ಕೊಡುವುದಿಲ್ಲ, ಮೂತ್ರದಲ್ಲಿ ಪ್ರೋಟೀನು ಸೋರುತ್ತದೆ. ರಕ್ತದಲ್ಲಿ ಡಿಎಸ್-ಡಿಎನ್ಎ ಪ್ರತಿಕಾಯ ಏರುತ್ತಾ, ಸಿ3 ಮತ್ತು ಸಿ4 ಎಂಬ ಕಾಂಪ್ಲಿಮೆಂಟ್ ಪ್ರೋಟೀನುಗಳು ಇಳಿಯುತ್ತಾ ಬಂದರೆ ತಡಮಾಡದೆ ಡಾಕ್ಟರರನ್ನು ಕಾಣಿ.

7. ಕೂದಲಿನ ಮಾತ್ರೆಯನ್ನೂ ಬಾಯಿಬಿಟ್ಟು ಹೇಳಿ.
ಕೂದಲು ಉದುರುವುದಕ್ಕೆ ನುಂಗುವ ಬಯೋಟಿನ್ ಕೆಲವು ಯಂತ್ರಗಳ ಲೆಕ್ಕ ತಪ್ಪಿಸುತ್ತದೆ. ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ ಸುಳ್ಳುಸುಳ್ಳೇ ಇಳಿದು, ಇಲ್ಲದ ಗ್ರೇವ್ಸ್ ಕಾಯಿಲೆ (ಕಾವಲುಪಡೆ ಥೈರಾಯ್ಡಿನ ಮೇಲೆ ತಿರುಗಿಬೀಳುವುದು) ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ. ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿಕೊಂಡು ರಕ್ತ ಕೊಡಿ. ಸ್ಟೀರಾಯ್ಡ್ ನುಂಗುತ್ತಿದ್ದರೆ ಅದನ್ನೂ ಹೇಳಿ. ಆದರೆ ಅದನ್ನು ನೀವಾಗಿ ನಿಲ್ಲಿಸಬೇಡಿ.

8. ನೆಗೆಟಿವ್ ಬಂದರೆ ಮನೆಗೆ ನಡೆದುಬಿಡಬೇಡಿ.
ಶ್ರೀ ಚಿತ್ರಾದ ನರರೋಗ ವಿಭಾಗಕ್ಕೆ ಹೋಗುವವರಲ್ಲಿ ಸಂಜೆಯಾದಂತೆ ಕಣ್ಣಿನ ರೆಪ್ಪೆ ಜೋತುಬೀಳುವ ಮಯಸ್ತೇನಿಯಾ ರೋಗಿಗಳೂ ಇರುತ್ತಾರೆ. ಇದೂ ಅದೇ ಕಾವಲುಪಡೆಯ ಎಡವಟ್ಟು. ಕಾಯಿಲೆ ಕಣ್ಣಿಗಷ್ಟೇ ಸೀಮಿತವಾಗಿದ್ದರೆ, ಹೆಚ್ಚುಕಡಿಮೆ ಅರ್ಧದಷ್ಟು ಜನರ ರಕ್ತದಲ್ಲಿ ಅದರ ಮುಖ್ಯ ಪ್ರತಿಕಾಯ ಸಿಗುವುದೇ ಇಲ್ಲ. ಆಮವಾತದಲ್ಲೂ ಆರ್‌ಎಫ್, ಸಿಸಿಪಿ ಎರಡೂ ಇಲ್ಲದವರು ಉಂಟು. ಗಂಟು ಊದಿದ್ದರೆ ಊದಿದೆ, ಅಷ್ಟೇ.

9. ಪ್ಯಾಕೇಜ್ ಕೊಳ್ಳಬೇಡಿ, ಮಾಡಿಸಿದ್ದನ್ನೇ ಮಾಡಿಸಬೇಡಿ.
‘ನಾರ್ಮಲ್’ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲೂ ನೂರಕ್ಕೆ ಐವರು ಹೊರಗುಳಿಯುವಂತೆಯೇ ಗೆರೆ ಎಳೆದಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಗಟ್ಟಿಮುಟ್ಟಾದವರಿಗೂ ಒಂದಾದರೂ ದಪ್ಪಕ್ಷರ ಬರುವ ಸಾಧ್ಯತೆ ಶೇ. 64. ಎಎನ್ಎ ಒಮ್ಮೆ ಪಾಸಿಟಿವ್ ಬಂದ ಮೇಲೆ ಮತ್ತೆ ಮತ್ತೆ ಅಳೆದು ಸಿಗುವುದೇನೂ ಇಲ್ಲ, ಅದು ಕಾಯಿಲೆಯ ಏರಿಳಿತವನ್ನು ತೋರಿಸುವುದಿಲ್ಲ. ಚಿಕ್ಕಮ್ಮನಿಗೆ ಇದನ್ನು ಒಪ್ಪಿಸಲು ಮೂರು ಪ್ರಯಾಣ ಬೇಕಾಯಿತು. ನಾಲ್ಕನೆಯ ಸಲ ಲ್ಯಾಬಿನ ಕೌಂಟರಿನಲ್ಲಿ “ಅದು ಬೇಡ” ಎಂದು ಅವರೇ ಹೇಳಿ, ಉಳಿದ ದುಡ್ಡಿಗೆ ತಿರುವನಂತಪುರದ ಚಾಲಾ ಮಾರುಕಟ್ಟೆಯಲ್ಲಿ ನೇಂದ್ರದ ಚಿಪ್ಸ್ ಕೊಂಡರು. ಪೊಟ್ಟಣದ ಗಂಟನ್ನು ಬಿಚ್ಚಿದ್ದೂ ಅವರೇ.