ಧಾರಾವಿಯಲ್ಲಿ ಮೊಬೈಲ್ ಕೈಕೊಡದಿರಲು

ಮುಂಬೈನ ಧಾರಾವಿಯಲ್ಲೀಗ ಸೈಕಲ್ ಮೇಲೆ ಇಡ್ಲಿ ಮಾರುವವನ ಹ್ಯಾಂಡಲ್ಲಿಗೂ ಕ್ಯೂಆರ್ ಕೋಡ್ ನೇತಾಡುತ್ತದೆ. ಕಂಪ್ಯೂಟರ್ ಎಲ್ಲೆಡೆ ಇದ್ದೂ ಕಣ್ಣಿಗೆ ಬೀಳದಂತಾಗುತ್ತದೆ ಎಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಮಾರ್ಕ್ ವೈಸರ್ 1991ರಲ್ಲಿ ಬರೆದಿದ್ದರು. ಇಡ್ಲಿಯವನ ಸೈಕಲ್ಲು ಅವರ ಲೆಕ್ಕದಲ್ಲಿ ಇದ್ದಿರಲಾರದು! ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ಖೋಲಿ ಹಿಡಿದವರಿಗೆ ರೇಷನ್, ರೈಲು, ಊರಿನ ಹೊಲ ಎಲ್ಲಕ್ಕೂ ಮೊಬೈಲೇ ಬಾಗಿಲು. ಅದು ಸಲೀಸಾಗಿ ತೆರೆಯಬೇಕೆಂದರೆ:

1. ಖೋಲಿ ಬದಲಿಸಿ, ನಂಬರು ಬದಲಿಸಬೇಡಿ. ಆಫರ್ ಸಿಕ್ಕಿತೆಂದು ಹೊಸ ಸಿಮ್ ಕೊಂಡು ಹಳೆಯದನ್ನು ಡಬ್ಬಿಗೆ ಹಾಕುವವರೇ ಮುಂದೆ ಒದ್ದಾಡುವುದು. ಆಧಾರ್, ಬ್ಯಾಂಕು ಎಲ್ಲದರ ಓಟಿಪಿ ಬರುವುದು ಆ ಹಳೇ ನಂಬರಿಗೆ. 90 ದಿನ ಬಳಸದೆ ಬಿಟ್ಟರೆ ಕಂಪನಿ ಅದನ್ನು ಬಂದ್ ಮಾಡಬಹುದು. ಆಮೇಲೆ ಅದು ಇನ್ಯಾರದೋ ಪಾಲು. ಕುಂಭಾರವಾಡದಲ್ಲಿ ಮಣ್ಣು ತುಳಿದು, ಚರ್ಮ ಕತ್ತರಿಸಿ, ಭಂಗಾರ್ (ಗುಜರಿ) ಬೇರ್ಪಡಿಸಿ ಬೆರಳ ಗೆರೆ ಸವೆದವರಿಗಂತೂ ಈ ಮಾತು ಎರಡು ಪಟ್ಟು ಸತ್ಯ. ಯಂತ್ರ ಬೆರಳು ಹಿಡಿಯದ ಕಡೆ ಓಟಿಪಿ ಕೈಹಿಡಿಯುತ್ತದೆ. ಮನೆಯಲ್ಲಿ ಒಂದೇ ಮೊಬೈಲ್ ಇದ್ದು, ಅದು ಯಜಮಾನರ ಜೊತೆ ಕೆಲಸಕ್ಕೆ ಹೋಗುತ್ತದೆಯೇ? ಹಾಗಿದ್ದರೆ ಹೆಂಡತಿಯ ಆಧಾರಿಗೆ ಬೇರೆ ನಂಬರು ಜೋಡಿಸಿ. ಹಗಲು ಹೊತ್ತು ಕ್ಯೂನಲ್ಲಿ ನಿಲ್ಲುವವರು ಅವರೇ ತಾನೆ?

2. ಊರಿನ ರೇಷನ್ ಕಾರ್ಡ್ ಇಲ್ಲಿಯೂ ನಡೆಯುತ್ತದೆ. ‘ಒಂದು ದೇಶ ಒಂದು ಪಡಿತರ ಚೀಟಿ’ ಯೋಜನೆಯಲ್ಲಿ ಮನೆಯವರು ಊರಲ್ಲಿ ಒಂದಿಷ್ಟು, ನೀವು ಇಲ್ಲಿ ಒಂದಿಷ್ಟು ಧಾನ್ಯ ಪಡೆಯಬಹುದು. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಸೇರಿಸಿ ಕೊಡುವುದು ಮಾತ್ರ ಇಲ್ಲಿ ಸಿಗದು. ‘ಮೇರಾ ರಾಷನ್’ ಆ್ಯಪಿನಲ್ಲಿ ನಿಮ್ಮ ಪಾಲು ನೋಡಿಕೊಂಡೇ ಅಂಗಡಿಗೆ ಹೋಗಿ. ಅಂಗಡಿಯವನು ತಕರಾರು ಮಾಡಿದರೆ 14445ಕ್ಕೆ ಫೋನ್ ಮಾಡಿ.

3. ರೊಕ್ಕ ಬರಬೇಕಾದರೆ ಪಿನ್ ಒತ್ತಬೇಕಿಲ್ಲ. ‘ರೊಕ್ಕ ಹಾಕ್ತೀನಿ, ಪಿನ್ ಒತ್ತಿ’ ಎಂದವನು ಕಳ್ಳ. ನೀವೇ ವ್ಯಾಪಾರಿಯಾದರೆ ಬೆಳಗ್ಗೆ ಅಂಗಡಿ ತೆಗೆದ ಕೂಡಲೇ ನಿಮ್ಮ ಕ್ಯೂಆರ್ ಮೇಲೆ ಬೇರೆ ಸ್ಟಿಕರ್ ಅಂಟಿದೆಯೇ ಎಂದು ಉಗುರಿನಿಂದ ಅಂಚು ಕೆರೆದು ನೋಡಿ. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬಬೇಡಿ, ಸ್ಪೀಕರ್ ಕೂಗಲಿ.

4. ಸಯಾನ್ ಅಥವಾ ಮಾಹಿಮ್ ಸ್ಟೇಷನ್ನಿನ ಮೆಟ್ಟಿಲು ಹತ್ತುವ ಮೊದಲೇ ರೈಲ್ವೆ ಆ್ಯಪಿನಲ್ಲಿ ಲೋಕಲ್ ಟಿಕೆಟ್ ತೆಗೆಯಿರಿ. ಒಳಗೆ ಹೋದ ಮೇಲೆ ಪೇಪರ್‌ಲೆಸ್ ಟಿಕೆಟ್ ಕೊಡದಂತೆ ಆ್ಯಪಿಗೆ ಜಿಪಿಎಸ್ ಬೇಲಿ ಹಾಕಿದ್ದಾರೆ, ಟಿಸಿ ಕಂಡ ಮೇಲೆ ಟಿಕೆಟ್ ತೆಗೆಯುವ ಜಾಣರಿಗಾಗಿ. ಬ್ಯಾಟರಿ ಸತ್ತರೆ ಟಿಕೆಟ್ಟೂ ಸತ್ತಂತೆ, ದಂಡ ತಪ್ಪದು.

5. ಜಾತ್ರೆಗೆ ಊರಿಗೆ ಹೋಗುವವರು ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿಡಿ. 2025ರ ಜುಲೈ 1ರಿಂದ ಅದಿಲ್ಲದೆ ಆನ್‌ಲೈನ್ ತತ್ಕಾಲ್ ಇಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಸೀಟು ನೀವು ಆಧಾರ್ ಹುಡುಕುವ ತನಕ ಕಾಯುವುದಿಲ್ಲ.

6. ಊರಲ್ಲಿ ಹೊಲವಿದ್ದರೆ ವರ್ಷಕ್ಕೊಮ್ಮೆಯಾದರೂ ‘ಭೂಮಿ’ ತಾಣದಲ್ಲಿ ಪಹಣಿ ನೋಡಿ. ಅಣ್ಣತಮ್ಮಂದಿರ ಮೇಲೆ ನಂಬಿಕೆ ಇರಲಿ, ಸರ್ವೆ ನಂಬರೂ ನೆನಪಿರಲಿ.

7. ಧಾರಾವಿಯ ಪುನರಭಿವೃದ್ಧಿಗಾಗಿ 2024ರ ಮಾರ್ಚಿನಲ್ಲಿ ಮನೆಮನೆ ಸರ್ವೆ ಶುರುವಾಯಿತು. 2000ದ ಜನವರಿ 1ಕ್ಕೆ ಮುಂಚಿನಿಂದ ನೆಲಮಹಡಿಯಲ್ಲಿದ್ದವರಿಗೆ ಧಾರಾವಿಯಲ್ಲೇ ಉಚಿತ ಮನೆ ಎಂಬುದು ನಿಯಮ. ಹಾಗಾಗಿ ಹಳೇ ಕರೆಂಟ್ ಬಿಲ್, ಮತದಾರರ ಪಟ್ಟಿಯ ಪುಟಗಳಿಗೆ ಈಗ ಬಂಗಾರದ ಬೆಲೆ. ಮಳೆಗಾಲದಲ್ಲಿ ನೀರು ನುಗ್ಗುವ ಮೊದಲೇ ಹಗಲ ಬೆಳಕಿನಲ್ಲಿ, ನಾಲ್ಕೂ ಮೂಲೆ ಕಾಣುವಂತೆ ಫೋಟೋ ತೆಗೆದು ಊರಲ್ಲಿರುವ ಮಗಳಿಗೂ ಕಳಿಸಿಡಿ. ಆಧಾರ್, ಪ್ಯಾನ್ ಡಿಜಿಲಾಕರಿನಲ್ಲಿರಲಿ. ಮೂಲ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದ ಮೇಲಿಡಿ. ಸರ್ವೆಯವರೆಂದು ಹೇಳಿಕೊಂಡು ಬಂದವರ ಕೈಗೆ ಅದನ್ನು ಕೊಟ್ಟುಬಿಡಬೇಡಿ, ಜೆರಾಕ್ಸ್ ಕೊಡಿ.

8. ಖಾತೆಯಿಂದ ರೊಕ್ಕ ಹೋಯಿತೇ? ಪಕ್ಕದವರ ಸಲಹೆ ಕೇಳುತ್ತ ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಮೊಬೈಲೇ ಕಳೆದಿದ್ದರೆ ಮೊದಲು ಸಿಮ್ ಬಂದ್ ಮಾಡಿಸಿ, ಪೊಲೀಸ್ ದೂರು ಕೊಟ್ಟು, ‘ಸಂಚಾರ್ ಸಾಥಿ’ಯಲ್ಲಿ ಹ್ಯಾಂಡ್‌ಸೆಟ್ಟನ್ನೂ ಬ್ಲಾಕ್ ಮಾಡಿಸಿ. ಅದಕ್ಕೆ ಐಎಂಇಐ ನಂಬರು ಬೇಕು. ಈಗಲೇ *#06# ಒತ್ತಿ, ಬಂದದ್ದನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ.