ಸುಗ್ಗಿಯ ರಜೆಯಲ್ಲಿ ಎರಡು ಊರುಗಳ ಪಂದ್ಯ



ಸುಗ್ಗಿ ಮುಗಿದು ಹಬ್ಬ ಬಂದಿತೆಂದರೆ ನಮ್ಮ ಯುವಕರು ಪಕ್ಕದ ಊರಿನವರನ್ನು ಕಬಡ್ಡಿಗೆ ಕರೆಯುತ್ತಾರೆ. ಕರೆಯುವುದು ಸುಲಭ. ಆಟ ಮುಗಿದ ಮೇಲೂ ಎರಡೂರಿನವರು ಮುಖ ನೋಡಿ ಮಾತನಾಡುವಂತಿರುವುದು ಕಷ್ಟ. ಒಂದು ವರ್ಷ ಇಂತಹ ಪಂದ್ಯಕ್ಕೆ ನಾನೇ ತೀರ್ಪುಗಾರನಾಗಿದ್ದೆ. ನಿಯಮಗಳನ್ನು ಮೊದಲು ಓದಿ ಹೇಳದೆ ಸೀಟಿ ಊದಿದೆ. ಕೊನೆಯ ಪಾಯಿಂಟಿಗೆ ಜಗಳ ಹತ್ತಿತು. ಆ ಜಗಳ ಅಂಗಳದಲ್ಲಿ ನಿಲ್ಲಲಿಲ್ಲ. ಮುಂದಿನ ವಾರ ಎರಡೂರೂ ಕೂಡಿ ಕೆರೆ ಕಾಲುವೆಯ ಹೂಳು ತೆಗೆಯಬೇಕಾಗಿತ್ತು. ಒಂದೂರಿನವರು ಬರಲೇ ಇಲ್ಲ. ಕಾಲುವೆಯ ಕಡೆಯ ಗದ್ದೆಗಳಿಗೆ ನೀರು ತಡವಾಗಿ ಮುಟ್ಟಿತು. ಅದರಲ್ಲಿ ನನ್ನ ತಪ್ಪೂ ಇತ್ತು.

ಆದಕಾರಣ ಈ ಸಲದ ಪಾಠಕ್ಕೆ ದೂರದ ಒಂದು ಉದಾಹರಣೆಯನ್ನು ಆರಿಸಿಕೊಂಡಿದ್ದೇನೆ. ಅಮೆರಿಕದ ಎರಡು ನೆರೆಯೂರುಗಳ ಹೈಸ್ಕೂಲು ಹುಡುಗರು ಸುಗ್ಗಿಯ ಹಬ್ಬದ ದಿನ ಫುಟ್‌ಬಾಲ್ ಪಂದ್ಯವಾಡಲು ತೊಡಗಿದ್ದು 1882ರಲ್ಲಿ. ಎಲ್ಲೋ ಒಂದೊಂದು ವರ್ಷ ತಪ್ಪಿದರೂ ಆ ಪೈಪೋಟಿ 140 ವರ್ಷ ದಾಟಿ ಬಂದಿದೆ. ಹೇಗೆ ಬಾಳಿತು ಎಂಬುದನ್ನು ನೋಡೋಣ.

ಹಬ್ಬ ಯಾವುದು?

ಆ ಹಬ್ಬದ ಹೆಸರು ಥ್ಯಾಂಕ್ಸ್‌ಗಿವಿಂಗ್; ಬೆಳೆ ಕೈಗೆ ಬಂದುದಕ್ಕೆ ದೇವರಿಗೆ ಕೃತಜ್ಞತೆ ಹೇಳುವ ದಿನ ಎಂದರ್ಥ. 1620ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದು ಪ್ಲಿಮತ್ ಎಂಬಲ್ಲಿ ಇಳಿದವರಲ್ಲಿ ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ಸತ್ತರು. ಆ ನೆಲದ ಮೂಲನಿವಾಸಿಯಾದ ಟಿಸ್ಕ್ವಾಂಟಮ್ ಎಂಬಾತ ಉಳಿದವರಿಗೆ ಮುಸುಕಿನ ಜೋಳ ಬಿತ್ತುವುದನ್ನೂ, ಮಣ್ಣಿಗೆ ಮೀನಿನ ಗೊಬ್ಬರ ಹಾಕುವುದನ್ನೂ ಕಲಿಸಿದ. 1621ರ ಸುಗ್ಗಿಯಲ್ಲಿ ಬಂದವರೂ ಮೂಲನಿವಾಸಿಗಳೂ ಮೂರು ದಿನ ಕೂಡಿ ಉಂಡರು. ಆ ಸ್ನೇಹ ಉಳಿಯಲಿಲ್ಲ. ಮುಂದೆ ಯುದ್ಧಗಳಾಗಿ ಮೂಲನಿವಾಸಿಗಳು ನೆಲ ಕಳೆದುಕೊಂಡರು. 1970ರಿಂದ ಅವರಲ್ಲಿ ಹಲವರು ಪ್ಲಿಮತ್‌ನಲ್ಲಿ ಅದೇ ದಿನವನ್ನು ಶೋಕದ ದಿನವಾಗಿ ಆಚರಿಸುತ್ತಾರೆ. ಅಧ್ಯಕ್ಷ ಲಿಂಕನ್ 1863ರಲ್ಲಿ ಈ ಹಬ್ಬವನ್ನು ದೇಶಕ್ಕೆಲ್ಲ ಸಾರಿದರು. 1941ರ ಕಾನೂನಿನಂತೆ ಅದು ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುತ್ತದೆ.

ಒಂದೂರು ಎರಡಾದದ್ದು

ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ ನಗರದ ಪಶ್ಚಿಮಕ್ಕೆ ನೀಡಮ್ ಎಂಬ ಊರಿದೆ. ಅದು 1711ರಲ್ಲಿ ಸ್ಥಾಪನೆಯಾಯಿತು. ಊರಿನ ಪೂರ್ವದವರಿಗೂ ಪಶ್ಚಿಮದವರಿಗೂ ಬಹಳ ಕಾಲ ಹೊಂದಿಕೆಯಿರಲಿಲ್ಲ. ಪ್ರಾರ್ಥನಾ ಮಂದಿರವನ್ನು ಎಲ್ಲಿ ಕಟ್ಟಬೇಕೆಂಬ ವಿಚಾರದಲ್ಲೇ 18ನೆಯ ಶತಮಾನದಲ್ಲಿ ಎರಡು ಪಕ್ಷಗಳಾಗಿದ್ದವು. ಗುಡಿ ಎಲ್ಲಿ, ಶಾಲೆ ಎಲ್ಲಿ, ಪಂಚಾಯಿತಿ ಕಟ್ಟಡ ಎಲ್ಲಿ ಎಂಬ ವಾದಗಳನ್ನು ಕೇಳಿದ ನಿಮಗೆ ಇದು ಹೊಸದೆನಿಸದು. ಪೂರ್ವದಲ್ಲಿ ಬಟ್ಟೆ ಹೆಣೆಯುವ ಕಾರ್ಖಾನೆಗಳು ಬೆಳೆದವು. ಪಶ್ಚಿಮದಲ್ಲಿ ಸಿರಿವಂತರ ತೋಟದ ಮನೆಗಳಿದ್ದವು. 1875ರಲ್ಲಿ ಹೆಣ್ಣು ಮಕ್ಕಳ ಕಾಲೇಜೊಂದು ಅಲ್ಲಿ ಬಾಗಿಲು ತೆರೆಯಿತು. ಕೊನೆಗೆ 1881ರ ಏಪ್ರಿಲ್‌ನಲ್ಲಿ ಪಶ್ಚಿಮ ಭಾಗ ಬೇರೆಯಾಗಿ ವೆಲ್ಸ್‌ಲಿ ಎಂಬ ಹೊಸ ಊರಾಯಿತು.

ಪಾಲಾದ ಅಣ್ಣತಮ್ಮಂದಿರ ಮನೆಗಳ ನಡುವೆ ಮಾತು ನಿಲ್ಲುವುದನ್ನು ನೀವು ಕಂಡಿದ್ದೀರಿ. ಇಲ್ಲಿ ಮುಂದಿನ ವರ್ಷವೇ, 1882ರ ಹಬ್ಬದ ದಿನ, ಎರಡೂರಿನ ಹುಡುಗರು ಚೆಂಡು ಹಿಡಿದು ಎದುರುಬದುರು ನಿಂತರು. ಸವಾಲು ಹಾಕಿದ್ದು ವೆಲ್ಸ್‌ಲಿಯವರು; ಮೊದಲ ಪಂದ್ಯ ಗೆದ್ದದ್ದೂ ಅವರೇ. ಹಬ್ಬದ ದಿನದ ಪಂದ್ಯಗಳಲ್ಲಿ ಸರ್ಕಾರಿ ಹೈಸ್ಕೂಲುಗಳ ಪೈಕಿ ಇದೇ ದೇಶದಲ್ಲಿ ಅತಿ ಹಳೆಯದೆಂದು ಹೆಸರಾಗಿದೆ. ಇಂದು ಎರಡೂ ಊರುಗಳಲ್ಲಿ ತಲಾ ಸುಮಾರು 30 ಸಾವಿರ ಜನರಿದ್ದಾರೆ. ಊರು ಬೆಳೆದರೂ ಪಂದ್ಯ ಬಿಡಲಿಲ್ಲ.

ಆಟ ಎಂತಹುದು?

ಇದು ನಾವು ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ. ತಂಡಕ್ಕೆ 11 ಜನ. ಮೊಟ್ಟೆಯಾಕಾರದ ಚೆಂಡನ್ನು ತೋಳಿನಲ್ಲಿ ಅವುಚಿ ಓಡುವುದು, ಎಸೆಯುವುದು, ಓಡುವವನನ್ನು ಎದುರಾಳಿಗಳು ಹಿಡಿದು ಕೆಡಹುವುದು ಇದರ ಕ್ರಮ. ಹಿಡಿತಕ್ಕೆ ಸಿಕ್ಕದೆ ಮುಂದೆ ಸಾಗುವುದರಲ್ಲಿ ಕಬಡ್ಡಿಯ ನೆನಪು ಬರುತ್ತದೆ. ಅಂಗಳ 100 ಗಜ ಉದ್ದ, ಸುಮಾರು 53 ಗಜ ಅಗಲ. ನಮ್ಮ ಲೆಕ್ಕದಲ್ಲಿ ಎಕರೆಗಿಂತ ಸ್ವಲ್ಪ ಹೆಚ್ಚು, ಸುಮಾರು 44 ಗುಂಟೆ. ಈಗಿನ ನಿಯಮದಂತೆ ನಾಲ್ಕು ಪ್ರಯತ್ನಗಳಲ್ಲಿ 10 ಗಜ ಮುಂದೆ ಹೋಗದಿದ್ದರೆ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡಬೇಕು.

ಆಟ ಒರಟು. 1905ರಲ್ಲಿ ಪೆಟ್ಟು ಬಿದ್ದು ಹಲವಾರು ಹುಡುಗರು ಸತ್ತರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಕರೆಸಿ ಮಾತನಾಡಿದರು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಕೊಟ್ಟು, ಗುಂಪು ಗುಂಪಾಗಿ ಮೇಲೆ ಬೀಳುವುದನ್ನು ತಗ್ಗಿಸಿದರು. ಮ್ಯಾಸಚೂಸೆಟ್ಸ್‌ನಲ್ಲಿ 2010ರ ಕಾನೂನಿನಂತೆ, ತಲೆಗೆ ಪೆಟ್ಟಾದ ವಿದ್ಯಾರ್ಥಿಯನ್ನು ಕೂಡಲೇ ಆಟದಿಂದ ಹೊರಗಿಡಬೇಕು. ವೈದ್ಯರ ಅಥವಾ ಅರ್ಹ ಆರೋಗ್ಯ ತಜ್ಞರ ಒಪ್ಪಿಗೆಯಿಲ್ಲದೆ ಮತ್ತೆ ಇಳಿಸಕೂಡದು. ಹಳೆಯ ಆಟವೆಂದು ಹಳೆಯ ಅಪಾಯವನ್ನೂ ಉಳಿಸಿಕೊಳ್ಳಬೇಕಾಗಿಲ್ಲ.

ಪೈಪೋಟಿ ಕೆಡದೆ ಉಳಿದ ಬಗೆ

ಇದರಲ್ಲಿ ಮೂರು ಕಟ್ಟುಗಳನ್ನು ಕಾಣುತ್ತೇನೆ. ಮೊದಲನೆಯದು, ದಿನ ಗೊತ್ತಾಗಿದೆ. ಯಾರೂ ಸಿಟ್ಟಿನ ಭರದಲ್ಲಿ ಸವಾಲು ಹಾಕುವಂತಿಲ್ಲ. ಎರಡನೆಯದು, ಸ್ಥಳ ಸರದಿಯಂತೆ. ಈ ವರ್ಷ ನಮ್ಮೂರಿನ ಅಂಗಳವಾದರೆ ಮುಂದಿನ ವರ್ಷ ನಿಮ್ಮೂರಿನದು. ಈ ವರ್ಷ ನೆಂಟನಾಗಿ ಹೋದವನು ಮುಂದಿನ ವರ್ಷ ಮನೆಯವನಾಗಬೇಕು. ಮೂರನೆಯದು, ಆಟ ಬೆಳಿಗ್ಗೆ ಆರಂಭವಾಗಿ ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ಮನೆಮನೆಯಲ್ಲಿ ಟರ್ಕಿ ಕೋಳಿಯ ಊಟವೂ ಕುಂಬಳಕಾಯಿಯ ಸಿಹಿಯೂ ಕಾದಿರುತ್ತವೆ. ಬೀದಿಯಲ್ಲಿ ನಿಂತು ಜಗಳ ಬೆಳೆಸಲು ಯಾರಿಗೂ ಪುರುಸೊತ್ತಿಲ್ಲ. ಬೇರೆ ಊರುಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಹಬ್ಬಕ್ಕೆಂದು ಬಂದವರು ಅಂಗಳದ ಅಂಚಿನಲ್ಲಿ ಒಬ್ಬರನ್ನೊಬ್ಬರು ಕಾಣುತ್ತಾರೆ.

ಮಿಸೌರಿ ರಾಜ್ಯದ ಕರ್ಕ್‌ವುಡ್ ಮತ್ತು ವೆಬ್‌ಸ್ಟರ್ ಗ್ರೋವ್ಸ್ ಎಂಬ ನೆರೆಯೂರುಗಳು 1907ರಲ್ಲಿ ಆರಂಭಿಸಿದ ಹಬ್ಬದ ಪಂದ್ಯದಲ್ಲಿ ಇನ್ನೊಂದು ಒಳ್ಳೆಯ ಪದ್ಧತಿಯಿದೆ. ಗೆದ್ದವರಿಗೆ ಅಲ್ಲಿನ ರೈಲ್ವೆಯವರು 1952ರಲ್ಲಿ ಕೊಟ್ಟ ಎಂಜಿನ್ನಿನ ಗಂಟೆ. ಸೋತವರಿಗೆ ಕಂದು ಬಣ್ಣದ ಒಂದು ಸಣ್ಣ ಹೂಜಿ. ಸೋತವನೂ ಬರಿಗೈಯಲ್ಲಿ ಮನೆಗೆ ಹೋಗುವುದಿಲ್ಲ. ಎರಡು ಶಾಲೆಗಳ ಮಕ್ಕಳು ಕೂಡಿ ಸ್ನೇಹದ ನೃತ್ಯಕೂಟವನ್ನೂ ನಡೆಸುತ್ತಾರೆ.

ಕುಂದು ಬಂದುದೂ ಉಂಟು

ಮ್ಯಾಸಚೂಸೆಟ್ಸ್‌ನಲ್ಲಿ 2013ರಿಂದ ರಾಜ್ಯಮಟ್ಟದ ಸ್ಪರ್ಧೆಯ ಕ್ರಮ ಬದಲಾಗಿ, ಅದರ ಮುಖ್ಯ ಸುತ್ತುಗಳು ಹಬ್ಬಕ್ಕೆ ಮೊದಲೇ ನಡೆಯುವಂತಾಯಿತು. ಹಬ್ಬದ ಪಂದ್ಯದ ಫಲದಿಂದ ರಾಜ್ಯದ ಕಪ್ಪು ಸಿಗುವುದಿಲ್ಲ. ಫೈನಲ್ ತಲುಪಿದ ಶಾಲೆಗಳು ಕೆಲವು ಸಲ ಒಳ್ಳೆಯ ಆಟಗಾರರನ್ನು ಹಬ್ಬದ ದಿನ ಕೂರಿಸಿಬಿಡುತ್ತವೆ. ಇದರಿಂದ ಹಲವು ಊರುಗಳಲ್ಲಿ ಪಂದ್ಯದ ಕಾವು ಇಳಿಯಿತೆಂದು ಹಿರಿಯರು ಕೊರಗುತ್ತಾರೆ. 2020ರಲ್ಲಿ ಕೊರೋನಾ ಕಾರಣದಿಂದ ಆ ರಾಜ್ಯದ ಹೈಸ್ಕೂಲುಗಳು ಹಬ್ಬದ ದಿನ ಆಡಲೇ ಇಲ್ಲ. ಆದರೂ ರೋಗ ಇಳಿದ ಮೇಲೆ ಜನ ಮತ್ತೆ ಅಂಗಳಕ್ಕೆ ಬಂದರು. ಕಪ್ಪು ಇಲ್ಲದಿದ್ದರೂ ನಡೆಯುವ ಪಂದ್ಯ ನೆರೆಹೊರೆಗಾಗಿ ನಡೆಯುವ ಪಂದ್ಯ.

ನಾವು ಮಾಡಬಹುದಾದುದು

ಮುಂದಿನ ಹಬ್ಬಕ್ಕೆ ಪಂದ್ಯ ಗೊತ್ತುಮಾಡುವ ಮೊದಲು ಎರಡೂರಿನ ಹಿರಿಯರೂ ಯುವಕ ಮಂಡಲಿಯವರೂ ಒಂದೆಡೆ ಕುಳಿತು ಇವನ್ನು ಬರೆದಿಡಿರಿ:

1. ದಿನವೂ ಹೊತ್ತೂ ವರ್ಷ ವರ್ಷವೂ ಒಂದೇ ಇರಲಿ. ಸ್ಥಳ ಸರದಿಯಂತೆ ಬದಲಾಗಲಿ.

2. ನಿಯಮಗಳನ್ನು ಆಟಕ್ಕೆ ಮೊದಲು ಎಲ್ಲರೆದುರು ಓದಿರಿ. ತೀರ್ಪುಗಾರನು ಮೂರನೆಯ ಊರಿನವನಾಗಿರಲಿ.

3. ಪೆಟ್ಟಾದವನನ್ನು ಪೌರುಷದ ಮಾತಾಡಿ ಮತ್ತೆ ಇಳಿಸಬೇಡಿರಿ.

4. ಸೋತವರಿಗೂ ಒಂದು ಗುರುತು ಕೊಡಿರಿ. ಒಂದು ಹೊಸ ಕೊಡವಾದರೂ ಸಾಕು.

5. ಆಟ ಮುಗಿದೊಡನೆ ಎರಡು ತಂಡಗಳಿಗೂ ಒಂದೇ ಪಂಕ್ತಿಯಲ್ಲಿ ಊಟ ಹಾಕಿರಿ.

ಸಂಜೆಯ ಸಭೆಯಲ್ಲಿ ಚರ್ಚಿಸಿರಿ

ನೀಡಮ್ ಊರು ಒಡೆದ ಮರುವರ್ಷವೇ ಪಂದ್ಯ ಆರಂಭವಾದದ್ದರಿಂದ ಎರಡೂರಿಗೆ ಏನು ಲಾಭವಾಗಿರಬಹುದು? ನಿಮ್ಮೂರಿಗೂ ನೆರೆಯೂರಿಗೂ ಕೂಡಿ ಮಾಡುವ ಕೆಲಸಗಳು ಎಷ್ಟಿವೆ? ಅವುಗಳಲ್ಲಿ ಯಾವುದು ಒಂದು ಆಟದ ಜಗಳದಿಂದ ಕೆಟ್ಟೀತು?

ಪಂದ್ಯ ವರ್ಷಕ್ಕೆ ಒಂದು ಹೊತ್ತಿನದು, ಕಾಲುವೆ ವರ್ಷವೆಲ್ಲ ಬೇಕು. ಗೆಲ್ಲುವ ಆಸೆ ಇರಲಿ, ಮಾರನೆಯ ದಿನ ಸನಿಕೆ ಹಿಡಿದು ಜೊತೆಗೆ ನಿಲ್ಲುವ ನೆರೆಯವನೂ ಇರಲಿ.