ಕರೀ ಪುಡಿ ಒಂದೇ, ಬೂದು ಬಣ್ಣ ಎಲ್ಲಿಂದ ಬಂತು?

ನಮ್ಮ ತಾತ ತೀರಿಕೊಂಡು ಹೋದ ತಿಂಗಳಿಗೆ ಒಂದು ವರ್ಷ ಆಯಿತು. ಮನೆಯಲ್ಲಿ ಅವರದ್ದು ಇರುವುದು ಒಂದೇ ಫೋಟೋ, ಅದೂ ಚಿಕ್ಕ ಕಪ್ಪು ಬಿಳುಪು ಫೋಟೋ. ವರ್ಷದ ಪೂಜೆಗೆ ದೊಡ್ಡದು ಮಾಡಿಸೋಣ ಅಂತ ನಾನೂ ಅಪ್ಪನೂ ಪೇಟೆಯ ಒಂದು ಅಂಗಡಿಗೆ ಹೋದೆವು. ಅಲ್ಲಿ ಲೇಸರ್ ಪ್ರಿಂಟರ್ ಇತ್ತು. ಹೊರಗೆ ಬಂದ ಹಾಳೆಯಲ್ಲಿ ರುಮಾಲು ಬೆಳ್ಳಗೆ ಚೆನ್ನಾಗಿತ್ತು, ಮುಖ ಮಾತ್ರ ಮಸಿ ಬಳಿದ ಹಾಗೆ. ಕಣ್ಣು, ಮೂಗು ಏನೂ ಇಲ್ಲ. "ನಿಮ್ಮ ತಾತ ಕಪ್ಪಗಿದ್ದರು ಪುಟ್ಟಾ, ಮಿಷನ್ ಏನು ಮಾಡುತ್ತೆ?" ಅಂದರು ಅಂಗಡಿಯವರು. ಅಜ್ಜಿ ಆ ಹಾಳೆ ನೋಡಿ ಮಗುಚಿ ಇಟ್ಟುಬಿಟ್ಟರು. ನನಗೆ ಸಿಟ್ಟು ಬಂತು. ಚಿಕ್ಕ ಫೋಟೋದಲ್ಲಿ ತಾತನ ಕೆನ್ನೆಯ ಸುಕ್ಕು ಕೂಡ ಕಾಣುತ್ತದೆ. ಹಾಗಾದರೆ ತಪ್ಪು ತಾತನದು ಹೇಗಾಗುತ್ತದೆ?

ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಉತ್ತರ ಹೇಳಲಿಲ್ಲ, ಒಂದು ಹಳೇ ದಿನಪತ್ರಿಕೆಯನ್ನೂ ಭೂತಗನ್ನಡಿಯನ್ನೂ ಕೊಟ್ಟು "ಚಿತ್ರ ನೋಡು" ಅಂದರು. ನೋಡಿದರೆ ಅದರಲ್ಲಿ ಬೂದು ಬಣ್ಣವೇ ಇಲ್ಲ! ಬರೀ ಕರೀ ಚುಕ್ಕೆಗಳು. ಕತ್ತಲಿರುವ ಕಡೆ ದಪ್ಪ ಚುಕ್ಕೆ, ಬೆಳಕಿರುವ ಕಡೆ ಸಣ್ಣ ಚುಕ್ಕೆ. ಚುಕ್ಕೆಯ ಸಾಲುಗಳು ಓರೆಯಾಗಿ ನಿಂತಿದ್ದವು. ನೆಟ್ಟಗೆ ನಿಲ್ಲಿಸಿದರೆ ಸಾಲು ಬೇಗ ಕಣ್ಣಿಗೆ ಬೀಳುತ್ತದಂತೆ, ಅದಕ್ಕೇ 45 ಡಿಗ್ರಿ ಓರೆ. ಈ ಉಪಾಯ ಹಳೆಯದು. 1880ರಲ್ಲೇ ನ್ಯೂಯಾರ್ಕಿನ ಒಂದು ಪತ್ರಿಕೆ ಹೀಗೆ ಫೋಟೋ ಅಚ್ಚು ಹಾಕಿತ್ತು.

ಲೇಸರ್ ಪ್ರಿಂಟರಿನದೂ ಇದೇ ಕಥೆ. ಅದನ್ನು 1971ರ ಸುಮಾರಿಗೆ ಅಮೆರಿಕದ ಜೆರಾಕ್ಸ್ ಕಂಪನಿಯಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರ್ ಮಾಡಿದರು. ಒಳಗೆ ಒಂದು ಉರುಳೆ ಇದೆ. ಅದಕ್ಕೆ ವಿದ್ಯುದಂಶ ಕೊಡುತ್ತಾರೆ (ಬಾಚಣಿಗೆ ತಲೆಗೆ ಉಜ್ಜಿ ಕಾಗದದ ಚೂರು ಎತ್ತುತ್ತೇವಲ್ಲ, ಆ ವಿದ್ಯುದಂಶ). ಲೇಸರ್ ಬೆಳಕು ಬಿದ್ದ ಚುಕ್ಕೆಯಲ್ಲಿ ಅದು ಇಳಿದುಹೋಗುತ್ತದೆ, ಅಲ್ಲಿ ಟೋನರ್ ಅನ್ನುವ ಕರೀ ಪುಡಿ ಅಂಟುತ್ತದೆ. ಆಮೇಲೆ ಪುಡಿ ಕಾಗದಕ್ಕೆ ಹೋಗಿ, ಬಿಸಿಗೆ ಕರಗಿ ಕೂರುತ್ತದೆ. ಪುಡಿಯಲ್ಲಿ ಪ್ಲಾಸ್ಟಿಕ್ ಇರುವುದರಿಂದ ಕರಗುತ್ತದೆ. ಆದರೆ ಪುಡಿ ಅಂಟಿದರೆ ಕಪ್ಪು, ಇಲ್ಲದಿದ್ದರೆ ಬಿಳಿ. ಅರ್ಧ ಕಪ್ಪು ಅಂತ ಇಲ್ಲವೇ ಇಲ್ಲ.

ಅದಕ್ಕೇ ಚೌಕದ ಲೆಕ್ಕ. ಲೆಕ್ಕದ ಪುಸ್ತಕದಲ್ಲಿ 4 ಅಡ್ಡ 4 ಉದ್ದ, ಒಟ್ಟು 16 ಮನೆ ಬರೆಯಿರಿ. ಒಂದೂ ತುಂಬದಿದ್ದರೆ ಬಿಳಿ, ಎಲ್ಲಾ ತುಂಬಿದರೆ ಕಪ್ಪು, 8 ತುಂಬಿದರೆ ನಡುವಿನ ಬೂದು. ಒಟ್ಟು 17 ಛಾಯೆ. ನಾನು ತುಂಬಿದ್ದನ್ನು ಕೆಳಗೆ ಅಂಟಿಸಿದ್ದೇನೆ, ಜಗಲಿಯ ಆ ತುದಿಗೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿ. 8 ಅಡ್ಡ 8 ಉದ್ದ ಮಾಡಿದರೆ 65 ಛಾಯೆ ಬರುತ್ತದೆ. ಆದರೆ ಒಂದು ಇಂಚಿಗೆ 600 ಚುಕ್ಕೆ ಹಾಕುವ ಪ್ರಿಂಟರಿನಲ್ಲಿ ಅಂಥ ಚೌಕ ಇಂಚಿಗೆ 75 ಮಾತ್ರ ಹಿಡಿಯುತ್ತದೆ. 16 ಅಡ್ಡ 16 ಆದರೆ ಛಾಯೆ 257, ಚೌಕ ಮಾತ್ರ 37. ಅಂದರೆ ಛಾಯೆ ಹೆಚ್ಚಿದಷ್ಟೂ ಚಿತ್ರ ಒರಟು. ಎರಡೂ ಬೇಕು ಅಂದರೆ ಆಗುವುದಿಲ್ಲ.

ಮುಂದಿನ ಭಾನುವಾರ ಮತ್ತೆ ಅಂಗಡಿಗೆ ಹೋದೆವು. ಅವರು ಫೋಟೋವನ್ನು ಅಕ್ಷರಗಳಿಗೆ ಇರುವ ಸೆಟ್ಟಿಂಗಿನಲ್ಲೇ ಸ್ಕ್ಯಾನ್ ಮಾಡಿದ್ದರು. ಆ ಸೆಟ್ಟಿಂಗು ಅರ್ಧಕ್ಕಿಂತ ಹೆಚ್ಚು ಕತ್ತಲಿರುವುದನ್ನೆಲ್ಲ ಪೂರ್ತಿ ಕಪ್ಪು, ಉಳಿದದ್ದನ್ನು ಪೂರ್ತಿ ಬಿಳಿ ಮಾಡಿಬಿಡುತ್ತದೆ. ಅಕ್ಷರಕ್ಕೆ ಅದು ಸರಿ. ತಾತನ ಮುಖ ಆ ಗೆರೆಯ ಆಚೆ ಇತ್ತು, ಅಷ್ಟೇ. "ಅಣ್ಣಾ, ಫೋಟೋ ಸೆಟ್ಟಿಂಗಿನಲ್ಲಿ ಮಾಡಿ" ಅಂದೆ. ಅವರು ನಕ್ಕರು, ಆದರೂ ಮಾಡಿದರು. ಈ ಸಲ ಕಣ್ಣು ಬಂತು, ಕೆನ್ನೆ ಇನ್ನೂ ಕತ್ತಲು. ಪುಡಿ ಕರಗುವಾಗ ಚುಕ್ಕೆ ಸ್ವಲ್ಪ ಹರಡಿ, ನಡುವಿನ ಬಿಳಿ ಮುಚ್ಚಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಮುಖವನ್ನು ಸ್ವಲ್ಪ ತಿಳಿ ಮಾಡಿ ಮೂರನೇ ಸಲ ಹಾಕಿದರು. ಸುಕ್ಕು ಬಂತು. ಮೂರನೆಯದಕ್ಕೆ ದುಡ್ಡು ತಗೊಳ್ಳಲಿಲ್ಲ.

ಅಜ್ಜಿಗೆ ಹತ್ತಿರದ್ದು ಕಾಣುವುದಿಲ್ಲ. ಹಾಳೆಯನ್ನು ಕೈಚಾಚಿ ದೂರ ಹಿಡಿದು ತುಂಬಾ ಹೊತ್ತು ನೋಡಿದರು. ಚುಕ್ಕೆ ತೋರಿಸುತ್ತೇನೆ ಅಂತ ನಾನು ಭೂತಗನ್ನಡಿ ತಂದರೆ, "ಬೇಡ ಹೋಗೋ" ಅಂದರು.